ಆಕ್ಯುಪಂಕ್ಚರ್ ಚಿಕಿತ್ಸೆ: ಸೂಜಿಯ ನೋವನ್ನು ನುಂಗದೆ ನುಡಿಯಬೇಕು

ನೋವನ್ನು ಸಹಿಸಿಕೊಳ್ಳುವುದು ದೊಡ್ಡ ಗುಣವೆಂದು ನಾವು ನಂಬಿಕೊಂಡು ಬಂದಿದ್ದೇವೆ. ವೈದ್ಯರ ಎದುರು ಮಾತನಾಡದಿರುವುದೇ ವಿನಯವೆಂದು ಭಾವಿಸುವ ಹಿರಿಯರು ಅನೇಕರು. ಆದರೆ ಮಂಡಿನೋವು, ಬೆನ್ನುನೋವು, ತಲೆಶೂಲೆಗಳ ಉಪಶಮನಕ್ಕೆಂದು ಆಕ್ಯುಪಂಕ್ಚರ್ ಚಿಕಿತ್ಸೆಗೆ ಮೈಯೊಡ್ಡಿದಾಗ ಈ ಮೌನವು ಅಹಿತವನ್ನೇ ಉಂಟುಮಾಡಬಹುದು. ಸೂಜಿ ಒಳಹೊಕ್ಕಾಗ ದೇಹದಲ್ಲಾಗುವ ಅನುಭವವನ್ನು ಬಲ್ಲವನು ರೋಗಿಯೊಬ್ಬನೇ. ಅವನು ನುಡಿದರೆ ಮಾತ್ರ ಚಿಕಿತ್ಸಕನಿಗೆ ಅದು ತಿಳಿಯುತ್ತದೆ.

ಈ ಚಿಕಿತ್ಸೆಯ ಮೂಲ ಚೀನಾ ದೇಶ. 1938ರಲ್ಲಿ ಯುದ್ಧಪೀಡಿತ ಚೀನಾಕ್ಕೆ ಸೇವೆಗಾಗಿ ತೆರಳಿದ ಐವರು ಭಾರತೀಯ ವೈದ್ಯರಲ್ಲಿ ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನೀಸ್ ಹಾಗೂ ಬಂಗಾಳದ ಡಾ. ಬಿಜೋಯ್ ಕುಮಾರ್ ಬಸು ಅವರಿದ್ದರು. ಕೋಟ್ನೀಸರು 1942ರಲ್ಲಿ ಅಲ್ಲಿಯೇ ಅಸುನೀಗಿದರು. ಬಸು ಅವರು ಮುಂದೆ ಚೀನಾದಲ್ಲಿ ಈ ವಿದ್ಯೆಯನ್ನು ಕಲಿತು ಕೋಲ್ಕತ್ತದಲ್ಲಿ ನೆಲೆಗೊಳಿಸಿದರು.

ಸೂಜಿಯೆಂದೊಡನೆ ಇಂಜೆಕ್ಷನ್ ನೆನಪಾಗಿ ಭಯವಾಗುವುದು ಸಹಜ. ಆದರೆ ಇವೆರಡೂ ಒಂದಲ್ಲ. ಇಂಜೆಕ್ಷನ್ ಸೂಜಿಯು ಔಷಧಿ ಹರಿಯಲು ಟೊಳ್ಳಾಗಿರುತ್ತದೆ; ಸಾಮಾನ್ಯವಾಗಿ ಅರ್ಧ ಮಿಲಿಮೀಟರಿನ ಆಸುಪಾಸು ದಪ್ಪವಿರುತ್ತದೆ. ಆಕ್ಯುಪಂಕ್ಚರ್ ಸೂಜಿಯು ಗಟ್ಟಿಯಾದ ತೆಳುತಂತಿಯಂತಿದ್ದು, ಬಹುಮಟ್ಟಿಗೆ 0.16ರಿಂದ 0.30 ಮಿಲಿಮೀಟರ್ ದಪ್ಪವಿರುತ್ತದೆ. ಚುಚ್ಚುವಿಕೆಯ ನೋವು ಇನ್ನಷ್ಟು ಕಡಿಮೆಯಾಗಲೆಂದು ಸೂಜಿಯನ್ನು ಸಣ್ಣ ಕೊಳವೆಯೊಳಗಿಟ್ಟು ಮೇಲಿನಿಂದ ಮೆಲ್ಲಗೆ ತಟ್ಟುವ ಕ್ರಮವೂ ಉಂಟು. 17ನೆಯ ಶತಮಾನದ ಜಪಾನಿನ ಅಂಧ ಚಿಕಿತ್ಸಕ ಸುಗಿಯಾಮಾ ವಾಯಿಚಿ ಇದನ್ನು ರೂಢಿಗೆ ತಂದರೆಂದು ಹೇಳಲಾಗುತ್ತದೆ.

ಸೂಜಿ ಒಳಹೋದ ಬಳಿಕ ಎರಡು ಬಗೆಯ ಅನುಭವಗಳಾಗಬಹುದು. ಇವುಗಳ ಭೇದವನ್ನು ಅರಿತಿರುವುದು ಅವಶ್ಯ. ಆ ಭಾಗ ಭಾರವಾದಂತೆ, ಜೋಮು ಹಿಡಿದಂತೆ, ಒಳಗೆ ಮಂದವಾಗಿ ನೋಯುವಂತೆ ಅನ್ನಿಸಿದರೆ ಆತಂಕ ಬೇಡ. ಚೀನಾದಲ್ಲಿ ಇದನ್ನು ‘ಡೆ ಚೀ’ ಎಂದು ಕರೆದು, ಚಿಕಿತ್ಸೆಯ ಅಂಗವೆಂದೇ ಎಣಿಸುತ್ತಾರೆ. ಆದರೆ ಬೆಂಕಿ ಸೋಕಿದಂತಹ ಉರಿ, ಇರಿದಂತಹ ತೀಕ್ಷ್ಣ ನೋವು ಅಥವಾ ವಿದ್ಯುತ್ ಹರಿದಂತಹ ಝಳಕು ಉಂಟಾದರೆ ಆ ಕ್ಷಣವೇ ಹೇಳಬೇಕು. ಸೂಜಿಯು ನರಕ್ಕೋ ರಕ್ತನಾಳಕ್ಕೋ ತಗುಲಿರಬಹುದು. ಅದನ್ನು ತುಸು ಹಿಂದೆಗೆದರೆ ಇಲ್ಲವೆ ತೆಗೆದುಬಿಟ್ಟರೆ ನೋವು ಸಾಮಾನ್ಯವಾಗಿ ಶಮನವಾಗುತ್ತದೆ.

ಚಿಕಿತ್ಸಕರು ಪಾಲಿಸಬೇಕಾದ ಕ್ರಮಗಳೂ ಇವೆ. ಚರ್ಮಕ್ಕೆ ಹಚ್ಚಿದ ಸ್ಪಿರಿಟ್ ಪೂರ್ಣವಾಗಿ ಒಣಗಿದ ಮೇಲೆಯೇ ಸೂಜಿ ಹಾಕಬೇಕು, ಹಸಿಯಿದ್ದರೆ ಉರಿಯುತ್ತದೆ. ಬೆರಳ ತುದಿ, ತುಟಿಯ ಸುತ್ತಲಿನ ಭಾಗಗಳು ಬಹು ಸೂಕ್ಷ್ಮವಾದ್ದರಿಂದ, ಹೊಸಬರಿಗೆ ಅಲ್ಲಿಂದ ಆರಂಭಿಸದಿರುವುದು ಲೇಸು. ಸ್ನಾಯು ಬಿಗಿದು ಸೂಜಿ ಸಿಕ್ಕಿಕೊಂಡರೆ ಬಲವಂತವಾಗಿ ಎಳೆಯದೆ, ಸುತ್ತಲೂ ಮೃದುವಾಗಿ ನೀವಿ, ಸಡಿಲವಾಗುವವರೆಗೆ ಕಾಯಬೇಕು. ಒಮ್ಮೆ ಬಳಸಿ ಬಿಸಾಡುವ ಸೂಜಿಯ ಪೊಟ್ಟಣವನ್ನು ರೋಗಿಯ ಎದುರಿಗೇ ತೆರೆಯಬೇಕು.

ರೋಗಿಗಳು ಹಸಿದ ಹೊಟ್ಟೆಯಲ್ಲಿ ಹೋಗದೆ ಲಘು ಆಹಾರ ಸೇವಿಸಿರಬೇಕು. ಮೊದಲ ಸಲ ಮಲಗಿಯೇ ಚಿಕಿತ್ಸೆ ಪಡೆಯುವುದು ಕ್ಷೇಮ. ಉಸಿರನ್ನು ಬಿಗಿಹಿಡಿಯದೆ ನಿಧಾನವಾಗಿ ಬಿಡುತ್ತಿದ್ದರೆ ಸ್ನಾಯುಗಳು ಸಡಿಲವಾಗಿ ನೋವು ತಗ್ಗುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ಸೇವನೆ, ಗರ್ಭಾವಸ್ಥೆ, ಪೇಸ್‌ಮೇಕರ್ ಅಳವಡಿಕೆ, ಹಿಂದೊಮ್ಮೆ ಸೂಜಿ ಕಂಡು ಮೂರ್ಛೆ ಹೋದದ್ದು ಇವುಗಳನ್ನು ಮೊದಲೇ ತಿಳಿಸಬೇಕು.

ಚಿಕಿತ್ಸೆಯ ನಡುವೆ ತಲೆ ತಿರುಗುವುದು, ಬೆವರುವುದು, ವಾಕರಿಕೆ ಕಾಣಿಸಿದರೆ ಅದು ಮೂರ್ಛೆಯ ಮುನ್ಸೂಚನೆ. ಎಲ್ಲ ಸೂಜಿಗಳನ್ನೂ ತೆಗೆಸಿ, ಮಲಗಿಸಿ, ಕಾಲುಗಳನ್ನು ತುಸು ಎತ್ತರಿಸಿದರೆ ಹೆಚ್ಚಿನವರು ಬೇಗ ಚೇತರಿಸಿಕೊಳ್ಳುತ್ತಾರೆ. ಆದರೆ ಎದೆ, ಭುಜ ಅಥವಾ ಬೆನ್ನಿನ ಮೇಲ್ಭಾಗಕ್ಕೆ ಸೂಜಿ ಹಾಕಿಸಿಕೊಂಡ ನಂತರ ಎದೆನೋವು, ಉಸಿರಾಟದ ತೊಂದರೆ ಕಾಣಿಸಿದರೆ ತಡಮಾಡದೆ ಆಸ್ಪತ್ರೆಗೆ ಧಾವಿಸಬೇಕು. ಶ್ವಾಸಕೋಶಕ್ಕೆ ಸೂಜಿ ತಗುಲಿರುವ ಸಾಧ್ಯತೆ ವಿರಳವಾದರೂ ಇದ್ದೇ ಇದೆ. ಮನೆಗೆ ಮರಳಿ ಕೆಲವು ಗಂಟೆಗಳಾದ ಮೇಲೂ ಈ ಲಕ್ಷಣಗಳು ತೋರಬಹುದು.

ಆದುದರಿಂದ ಮನೆಯ ಹಿರಿಯರನ್ನು ಇಂತಹ ಚಿಕಿತ್ಸೆಗೆ ಕರೆದೊಯ್ಯುವ ಸದ್ಭಕ್ತರು, ನೋವಾದರೆ ಸಂಕೋಚವಿಲ್ಲದೆ ಹೇಳುವಂತೆ ಅವರಿಗೆ ಮುಂಚಿತವಾಗಿಯೇ ಧೈರ್ಯ ತುಂಬಬೇಕು. ನೋವೆಂದು ಹೇಳಿದರೆ ವೈದ್ಯರಿಗೆ ಅಗೌರವವಾಗುವುದಿಲ್ಲ. ಬಲ್ಲ ಚಿಕಿತ್ಸಕನು ಆ ಮಾತನ್ನು ಆಲಿಸಿಯೇ ಕೈಯನ್ನು ಮುಂದುವರಿಸುತ್ತಾನೆ. ಆಲಿಸದವನ ಬಳಿ ಚಿಕಿತ್ಸೆಯನ್ನು ನಿಲ್ಲಿಸುವ ಹಕ್ಕು ರೋಗಿಗೆ ಸದಾ ಇದೆ.