ಗೋದಲಿಯ ಹುಲ್ಲಿನಲ್ಲಿ ಮಲಗಿದ ಬೆಕ್ಕು

ಆಗಮನ ಕಾಲದ ಕೊನೆಯ ವಾರದಲ್ಲಿ ನಮ್ಮ ಕಥೋಲಿಕ ಕುಟುಂಬಗಳಲ್ಲಿ ಗೋದಲಿಯ ನಿರ್ಮಾಣ ಆರಂಭವಾಗುತ್ತದೆ. ಹಾನಗಲ್ಲಿನ ಸುತ್ತಮುತ್ತ ಇದಕ್ಕೆ ಸಾಮಗ್ರಿಯ ಕೊರತೆಯಿಲ್ಲ. ಭತ್ತದ ಒಕ್ಕಣೆ ಮುಗಿದು ಬಣವೆಗಳು ಎದ್ದಿರುವ ಕಾಲವದು. ಒಂದು ಹಿಡಿ ಹುಲ್ಲು ಕೇಳಿದರೆ ಯಾರೂ ಇಲ್ಲವೆನ್ನರು. ಮಕ್ಕಳು ಹುಲ್ಲು ಹಾಸಿ, ಎತ್ತು, ಕತ್ತೆ, ಕುರಿಗಳ ಗೊಂಬೆಗಳನ್ನಿಟ್ಟು, ಮಾತೆ ಮರಿಯಮ್ಮನವರನ್ನೂ ಸಂತ ಜೋಸೆಫರನ್ನೂ ನಿಲ್ಲಿಸಿ, ಬಾಲಯೇಸುವಿನ ಸ್ಥಳವನ್ನು ಕ್ರಿಸ್ತಜಯಂತಿಯ ಮಧ್ಯರಾತ್ರಿಗಾಗಿ ಬರಿದು ಬಿಡುತ್ತಾರೆ. ಮರುದಿನ ಬೆಳಿಗ್ಗೆ ನೋಡಿದರೆ ಆ ಬರಿದಾದ ಸ್ಥಳದಲ್ಲಿ ಮನೆಯ ಬೆಕ್ಕು ಸುರುಳಿ ಸುತ್ತಿ ಮಲಗಿರುತ್ತದೆ. ಕುರಿಗಳು ಉರುಳಿರುತ್ತವೆ, ಮನೆಯೊಡತಿಯ ಕೈಗೆ ಪೊರಕೆ ಬರುತ್ತದೆ.

ಇದು ಅಪಚಾರವಲ್ಲವೇ ಎಂದು ನಮ್ಮನ್ನು ಕೇಳುವವರುಂಟು. ಗೋದಲಿ ಎಂದರೆ ಪಶುಗಳು ಮೇವು ತಿನ್ನುವ ತಾಣ. ಶಿಶುವನ್ನು ಅಲ್ಲಿ ಮಲಗಿಸಿದರೆಂದು ಸಂತ ಲೂಕರು ಬರೆಯುತ್ತಾರೆಯೇ ಹೊರತು ಎತ್ತು ಕತ್ತೆಗಳ ಹೆಸರನ್ನೆತ್ತುವುದಿಲ್ಲ. ಅವನ್ನು ಕ್ರೈಸ್ತ ಪರಂಪರೆಯು ಪ್ರವಾದಿ ಯೆಶಾಯನ ಮೊದಲನೆಯ ಅಧ್ಯಾಯದಿಂದ ಕರೆತಂದು ಕೊಟ್ಟಿಗೆಯಲ್ಲಿ ನಿಲ್ಲಿಸಿತು. ಮನೆಯ ಬೆಕ್ಕಿಗಾದರೋ ಪವಿತ್ರ ಗ್ರಂಥದಲ್ಲಿ ದೊರೆತಿರುವ ಸ್ಥಾನ ಅತ್ಯಲ್ಪ. ಬಾರೂಕನ ಗ್ರಂಥದ ಆರನೆಯ ಅಧ್ಯಾಯದಲ್ಲಿ, ಬಾಬಿಲೋನಿನ ದೇಗುಲಗಳ ವಿಗ್ರಹಗಳ ಮೇಲೆ ಬಾವಲಿ, ಪಕ್ಷಿಗಳೊಂದಿಗೆ ಬೆಕ್ಕೂ ಬಂದು ಕೂರುತ್ತದೆ ಎಂಬ ಮಾತಿದೆ. ನಮ್ಮ ಪ್ರೊಟೆಸ್ಟೆಂಟ್ ಸಹೋದರರ ಬೈಬಲಿನಲ್ಲಿ ಆ ಗ್ರಂಥವಿಲ್ಲವಾದ್ದರಿಂದ ಈ ಬೆಕ್ಕು ಕಥೋಲಿಕರ ಪಾಲಿಗೆ ಮಾತ್ರ ಬಂದಿದೆಯೆಂದು ನಾವು ತಮಾಷೆಗೆ ಹೇಳುವುದುಂಟು. ಗೊಂಬೆ ಯಾವುದು, ಬೆಚ್ಚನೆಯ ಹುಲ್ಲು ಯಾವುದು ಎಂಬ ವ್ಯತ್ಯಾಸ ಅದಕ್ಕೆ ಚೆನ್ನಾಗಿ ಗೊತ್ತು. ಅದರಲ್ಲಿ ಅಪಚಾರವೇನೂ ಇಲ್ಲ.

ಮೇಲಾಗಿ, ಗೋದಲಿಯ ಭಕ್ತಿಯನ್ನು ಜನಪ್ರಿಯಗೊಳಿಸಿದ ಅಸಿಸ್ಸಿಯ ಸಂತ ಫ್ರಾನ್ಸಿಸರು 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಕ್ರಿಸ್ತಜಯಂತಿಯನ್ನು ಆಚರಿಸಿದಾಗ ಅಲ್ಲಿ ಇದ್ದುದು ನಿಜವಾದ ಹುಲ್ಲು, ಜೀವಂತ ಎತ್ತು, ಜೀವಂತ ಕತ್ತೆ. ಆ ಹುಲ್ಲನ್ನು ಜೋಪಾನವಾಗಿಟ್ಟು ರೋಗ ಬಂದ ಪಶುಗಳಿಗೆ ತಿನ್ನಿಸಿದಾಗ ಅವು ಗುಣ ಹೊಂದಿದವೆಂದು ಸಂತರ ಚರಿತ್ರೆ ಬರೆದ ಚೆಲಾನೊದ ತೋಮಸರು ದಾಖಲಿಸಿದ್ದಾರೆ. ಅವರು ದಾಖಲಿಸಿದ ಇನ್ನೊಂದು ಸಂಗತಿ ನಮಗೆ ಅದಕ್ಕಿಂತಲೂ ಮುಖ್ಯವೆನಿಸುತ್ತದೆ. ಕ್ರಿಸ್ತಜಯಂತಿಯ ದಿನ ಸಿರಿವಂತರು ಬಡವರಿಗೆ ಹೊಟ್ಟೆತುಂಬ ಉಣಬಡಿಸಬೇಕು, ಎತ್ತು ಕತ್ತೆಗಳಿಗೆ ಎಂದಿಗಿಂತ ಹೆಚ್ಚು ಮೇವು ಹಾಕಬೇಕು, ಪಕ್ಷಿಗಳಿಗಾಗಿ ದಾರಿಯಲ್ಲಿ ಕಾಳು ಚೆಲ್ಲಬೇಕು ಎಂಬುದು ಸಂತರ ಇಚ್ಛೆಯಾಗಿತ್ತು. ಬಡವರ ಹಸಿವನ್ನೂ ಪಶುಗಳ ಹಸಿವನ್ನೂ ಅವರು ಒಂದೇ ಉಸಿರಿನಲ್ಲಿ ನೆನೆದರು.

ಈ ಮಾತು ನಮ್ಮ ಸೀಮೆಯವರಿಗೆ ಸುಲಭವಾಗಿ ತಿಳಿಯಬೇಕು. ಹಾವೇರಿ ಜಿಲ್ಲೆಯಲ್ಲಿ ದೀಪಾವಳಿಯ ನಂತರ ಕೊಬ್ಬರಿ ಹಾರ ಕಟ್ಟಿ ಹೋರಿಗಳನ್ನು ಮೆರೆಸುವ ಸಡಗರವನ್ನು ಕಾಣದವರಾರು? ಕಾರಹುಣ್ಣಿಮೆಗೆ ಎತ್ತುಗಳಿಗೆ ಸಿಂಗಾರ. ಬೆಕ್ಕಿಗೆ ಮಾತ್ರ ಒಂದು ಹಬ್ಬವೂ ಇಲ್ಲ. ಅದರ ಪಾಲಿಗೆ ಉಳಿದಿರುವುದು ಗಾದೆಗಳು ಮತ್ತು ಅಪಶಕುನದ ಅಪವಾದ. ಸ್ನಾನದೀಕ್ಷೆ ಪಡೆದು, ಪ್ರತಿ ಭಾನುವಾರ ವಿಶ್ವಾಸ ಪ್ರಮಾಣವನ್ನು ಉಚ್ಚರಿಸುವ ನಮ್ಮವರೇ ಬೆಕ್ಕು ಅಡ್ಡ ಬಂತೆಂದು ಬೈಕು ನಿಲ್ಲಿಸಿ ಕಾಯುವುದನ್ನು ನಾವು ಕಂಡಿದ್ದೇವೆ. ಆದರೆ ಭತ್ತದ ಚೀಲಗಳನ್ನು ಮನೆಯೊಳಗಿಟ್ಟ ಮೇಲೆ ರಾತ್ರಿಯಿಡೀ ಅವುಗಳನ್ನು ಕಾಯುವುದು ಅದೇ ಬೆಕ್ಕು.

ಹಬ್ಬದ ಮುನ್ನ ಮನೆಗೆ ಸುಣ್ಣ ಬಳಿದು ಅಟ್ಟ ಸ್ವಚ್ಛಗೊಳಿಸುವಾಗ ಬುಟ್ಟಿಯ ಹಿಂದೆ ಮೂರು ನಾಲ್ಕು ಮರಿಗಳು ಸಿಕ್ಕಿಬೀಳುತ್ತವೆ. ನೆಂಟರು ಬರುವವರಿದ್ದಾರೆ, ಗಲೀಜು ಬೇಡವೆಂದು ಅವನ್ನು ಗೋಣಿಚೀಲದಲ್ಲಿ ಕಟ್ಟಿ ಸಂತೆಯ ಬಯಲಿನಲ್ಲೋ ಕೆರೆಯ ದಂಡೆಯಲ್ಲೋ ಬಿಟ್ಟು ಬರಲಾಗುತ್ತದೆ. ಹಲವೊಮ್ಮೆ ಈ ಕೆಲಸ ಮನೆಯ ಬಾಲಕನ ಪಾಲಿಗೆ ಬರುತ್ತದೆ. ಎಂಟು ವಾರ ತುಂಬದ ಮರಿ ತಾಯಿಯಿಂದ ಅಗಲಿ ಬದುಕುವುದು ಕಷ್ಟ. ಪ್ರಾಣಿಗಳಿಗೆ ವಿವೇಕವುಳ್ಳ ಆತ್ಮವಿಲ್ಲವೆಂದು ಬೋಧಿಸಿದ ಸಂತ ತೋಮಸ್ ಅಕ್ವಿನಾಸರೇ, ಪ್ರಾಣಿಯ ಮೇಲೆ ಕ್ರೌರ್ಯ ಅಭ್ಯಾಸವಾದವನ ಕೈ ಮನುಷ್ಯನ ಮೇಲೂ ಏಳುತ್ತದೆಂದು ಎಚ್ಚರಿಸಿದ್ದರು. ತತ್ತ್ವಶಾಸ್ತ್ರದ ಪುಸ್ತಕದಲ್ಲಿ ಇದು ಒಂದು ವಾದವಷ್ಟೇ. ಕೈಯಲ್ಲಿ ಚೀಲ ಹಿಡಿದು ಹೊರಟ ಹುಡುಗನ ಮುಖ ನೋಡಿದರೆ ವಾದ ಬೇಕಾಗುವುದಿಲ್ಲ. ಮರಿಗಳು ಬೇಡವೆಂದಾದರೆ ಪಶುವೈದ್ಯರನ್ನು ಕಂಡು ತಾಯಿಬೆಕ್ಕಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವ ಮಾರ್ಗವಿದೆ.

ಹಾಗೆಂದು ಬೆಕ್ಕನ್ನು ತಲೆಯ ಮೇಲೆ ಹೊತ್ತು ಮೆರೆಯಬೇಕೆಂದು ನಾವು ಹೇಳುತ್ತಿಲ್ಲ. 1992ರಲ್ಲಿ ಪ್ರಕಟವಾದ ಧರ್ಮಸಭೆಯ ಧರ್ಮೋಪದೇಶ ಗ್ರಂಥವು 2416ರಿಂದ 2418ರವರೆಗಿನ ಪರಿಚ್ಛೇದಗಳಲ್ಲಿ, ಪ್ರಾಣಿಗಳು ದೇವರ ಸೃಷ್ಟಿ, ಅವುಗಳಿಗೆ ದಯೆ ಸಲ್ಲಬೇಕು, ಅನವಶ್ಯಕವಾಗಿ ನೋಯಿಸುವುದು ಮಾನವ ಘನತೆಗೆ ವಿರುದ್ಧ ಎನ್ನುತ್ತದೆ. ಮನುಷ್ಯರ ಸಂಕಟ ನಿವಾರಣೆಗೆ ಮೊದಲು ಸಲ್ಲಬೇಕಾದ ಹಣವನ್ನು ಅವುಗಳಿಗೆ ಸುರಿಯುವುದೂ ತರವಲ್ಲವೆನ್ನುತ್ತದೆ. ಮಕ್ಕಳ ಸ್ಥಾನವನ್ನು ನಾಯಿ ಬೆಕ್ಕುಗಳು ಆಕ್ರಮಿಸುತ್ತಿವೆಯೆಂದು ದಿವಂಗತ ಪೋಪ್ ಫ್ರಾನ್ಸಿಸರು 2022ರ ಜನವರಿಯಲ್ಲಿ ಆಡಿದ ಮಾತಿಗೆ ಜಗತ್ತಿನಾದ್ಯಂತ ಚರ್ಚೆಯಾಯಿತು. ನಮ್ಮ ಹಳ್ಳಿಗಳಲ್ಲಿ ಬೆಕ್ಕಿಗೆ ಬೇಕಾಗಿರುವುದು ದುಬಾರಿಯ ಡಬ್ಬಿ ಆಹಾರವಲ್ಲ, ಉಳಿದ ಮೀನಿನ ತುಂಡು ಮತ್ತು ಒಂದಿಷ್ಟು ಗಮನ.

ಗಮನವೆಂದೆವು, ಹಬ್ಬದಲ್ಲಿ ತಪ್ಪುವುದು ಅದೇ. ಗೋದಲಿಗೆ ಸುತ್ತಿದ ಜರಿಯ ಎಳೆ, ಉಡುಗೊರೆಯ ರಿಬ್ಬನ್ನು ಬೆಕ್ಕಿನ ಹೊಟ್ಟೆ ಸೇರಿದರೆ ಕರುಳಿಗೆ ಸಿಕ್ಕಿ ಪ್ರಾಣಕ್ಕೆ ಎರವಾಗುತ್ತದೆ. ಈರುಳ್ಳಿ ಬೆಳ್ಳುಳ್ಳಿ ಅರೆದ ಮಸಾಲೆಯ ಮಾಂಸ ಅದರ ರಕ್ತಕಣಗಳನ್ನು ಕೆಡಿಸುತ್ತದೆ. ಚಾಕೊಲೇಟು ಬೇಡ, ಬೇಯಿಸಿದ ಎಲುಬು ಬೇಡ. ಪೀಠದ ಅಲಂಕಾರಕ್ಕೆಂದು ತಂದ ಲಿಲ್ಲಿ ಹೂವಿನ ಪರಾಗ ನೆಕ್ಕಿದರೂ ಬೆಕ್ಕಿನ ಮೂತ್ರಪಿಂಡ ನಾಶವಾಗಬಹುದು. ಜ್ವರವೆಂದು ಅದಕ್ಕೆ ಪ್ಯಾರಾಸಿಟಮಾಲ್ ಕೊಡುವುದು ವಿಷ ಕೊಟ್ಟಂತೆಯೇ. ನಮ್ಮ ಕಿವಿಗೆ ಸುಮಾರು 20 ಸಾವಿರ ಹರ್ಟ್ಸ್‌ವರೆಗೆ ಕೇಳಿದರೆ ಅದಕ್ಕೆ 60 ಸಾವಿರವನ್ನೂ ಮೀರಿ ಕೇಳುತ್ತದೆ. ಪಟಾಕಿಯ ರಾತ್ರಿ ಒಳಕೋಣೆಯ ಒಂದು ಮೂಲೆಯನ್ನು ಅದಕ್ಕೆ ಬಿಟ್ಟುಕೊಡಿ. ಗಾಬರಿಯಾದ ಬೆಕ್ಕನ್ನು ಮಕ್ಕಳು ಎತ್ತಿಕೊಳ್ಳದಿರಲಿ. ಕಚ್ಚಿದರೆ ಅಥವಾ ಪರಚಿ ರಕ್ತ ಬಂದರೆ ಗಾಯವನ್ನು ಸಾಬೂನಿನಿಂದ ಹದಿನೈದು ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ, ರೇಬೀಸ್ ಲಸಿಕೆಯ ಬಗ್ಗೆ ವೈದ್ಯರನ್ನು ಕೇಳಬೇಕು.

ಕ್ರಿಸ್ತಜಯಂತಿಯ ಭೇಟಿಗೆ ಮನೆಗಳಿಗೆ ಹೋದಾಗ ನಾವು ಕಾಣುವ ಇನ್ನೊಂದು ಚಿತ್ರವಿದೆ. ಮಕ್ಕಳು ಗೋವೆಯಲ್ಲೋ ಬೆಂಗಳೂರಿನಲ್ಲೋ ದುಡಿಯುತ್ತಿದ್ದಾರೆ. ಮನೆಯಲ್ಲಿ ಒಬ್ಬ ವೃದ್ಧೆ, ಅವರ ಕಾಲ ಬಳಿ ಒಂದು ಬೆಕ್ಕು. ಹಬ್ಬಕ್ಕೆ ಮಗನ ಮನೆಗೆ ಹೋಗಲಿಲ್ಲವೇಕೆಂದು ಕೇಳಿದರೆ ಬೆಕ್ಕಿನತ್ತ ಕೈ ತೋರಿಸಿ ಸುಮ್ಮನಾಗುತ್ತಾರೆ. ಇದನ್ನು ಕೇಳಿ ನಗುವವರುಂಟು. ವರ್ಷವಿಡೀ ಆ ಮನೆಯಲ್ಲಿ ಅವರ ಮಾತಿಗೆ ಕಿವಿಗೊಟ್ಟ ಜೀವ ಅದೊಂದೇ ಎಂಬುದನ್ನು ನಗುವವರು ಬಲ್ಲರೇ? ಬೆಕ್ಕು ಸ್ಥಳಕ್ಕೆ ಅಂಟಿಕೊಳ್ಳುವ ಪ್ರಾಣಿ. ಬಸ್ಸಿನಲ್ಲಿ ಹೊತ್ತೊಯ್ಯುವುದಕ್ಕಿಂತ ಅದನ್ನು ಅದರ ಮನೆಯಲ್ಲಿಯೇ ಬಿಟ್ಟು, ದಿನಕ್ಕೆರಡು ಬಾರಿ ಯಾರಾದರೂ ಅನ್ನ ನೀರು ಇಟ್ಟು ಬರುವುದು ಲೇಸು. ಧರ್ಮೋಪದೇಶದ ತರಗತಿಗೆ ಬರುವ ಮಕ್ಕಳಲ್ಲಿ ಅಂಥ ಮನೆಯ ನೆರೆಯಲ್ಲಿರುವವರು ಈ ಕೆಲಸ ವಹಿಸಿಕೊಳ್ಳಬಹುದು. ಬೀಗದ ಕೈ ಯಾರ ಬಳಿ, ಮೀನು ತರುವವರು ಯಾರು ಎಂಬುದನ್ನು ಆಗಮನ ಕಾಲದಲ್ಲಿಯೇ ಗೊತ್ತುಮಾಡಿಕೊಂಡರೆ, ಆ ತಾಯಿ ಮೂವರು ರಾಯರ ಹಬ್ಬದವರೆಗೂ ಮೊಮ್ಮಕ್ಕಳೊಡನೆ ಇದ್ದು ಬರಬಹುದು.