ಗುಲಾಮಳ ಮಗ ಜನರಲ್ ಆದದ್ದು ಹೇಗೆ?

ಪ್ರಶ್ನೆ: ‘ದಿ ತ್ರೀ ಮಸ್ಕೆಟಿಯರ್ಸ್’ ಬರೆದ ಅಲೆಕ್ಸಾಂಡರ್ ಡ್ಯೂಮಾನ ತಂದೆ ಸೇನಾಪತಿಯಾಗಿದ್ದರಂತೆ, ನಿಜವೇ?

ಉತ್ತರ: ನಿಜ. ಆ ತಂದೆಯ ಬದುಕು ಮಗನ ಯಾವ ಕಾದಂಬರಿಗೂ ಕಡಿಮೆಯಿಲ್ಲ. ಥಾಮಸ್ ಅಲೆಕ್ಸಾಂಡರ್ ಡ್ಯೂಮಾ ಹುಟ್ಟಿದ್ದು 1762ರಲ್ಲಿ, ಇಂದು ಹೈಟಿ ಎನಿಸಿಕೊಂಡಿರುವ ಫ್ರೆಂಚ್ ವಸಾಹತಿನಲ್ಲಿ. ತಂದೆ ಫ್ರೆಂಚ್ ಕುಲೀನ. ತಾಯಿ ಮಾರಿ ಸೆಸೆಟ್ ಕಪ್ಪುವರ್ಣದ ಗುಲಾಮಳು. ಹದಿಹರೆಯದಲ್ಲಿ ಫ್ರಾನ್ಸಿಗೆ ಬಂದ ಅವರು 1786ರಲ್ಲಿ ಸಾಮಾನ್ಯ ಸಿಪಾಯಿಯಾಗಿ ಅಶ್ವದಳ ಸೇರಿದರು, ಅದೂ ತಾಯಿಯ ಮನೆತನದ ಹೆಸರಿನಲ್ಲಿ.

ಮೂರೇ ವರ್ಷಕ್ಕೆ ಫ್ರೆಂಚ್ ಕ್ರಾಂತಿ ಭುಗಿಲೆದ್ದಿತು. ಹುಟ್ಟಿನ ಬಲದಿಂದ ಸಿಗುತ್ತಿದ್ದ ಅಧಿಕಾರಿ ಹುದ್ದೆಗಳು ಸಾಮರ್ಥ್ಯವಿದ್ದವರಿಗೂ ತೆರೆದವು. 1793ರಲ್ಲಿ ಡ್ಯೂಮಾ ಜನರಲ್ ಆದರು! ಮರುವರ್ಷ ಆಲ್ಪ್ಸ್ ಸೇನೆಯ ದಂಡನಾಯಕರಾಗಿ, ಹಿಮ ತುಂಬಿದ ಮೊಂ ಸೆನಿ ಕಣಿವೆದಾರಿಯನ್ನು ವಶಪಡಿಸಿಕೊಂಡರು. 1797ರಲ್ಲಿ ಕ್ಲೌಸೆನ್ ಸೇತುವೆಯ ಮೇಲೆ ಆಸ್ಟ್ರಿಯನ್ನರನ್ನು ಒಬ್ಬರೇ ತಡೆದು ನಿಂತದ್ದು ಅವರ ಸಾಹಸಗಳಲ್ಲೆಲ್ಲ ಹೆಸರಾದದ್ದು.

1798ರಲ್ಲಿ ಈಜಿಪ್ಟ್ ದಂಡಯಾತ್ರೆಯ ಅಶ್ವದಳಕ್ಕೆ ಅವರೇ ಮುಖ್ಯಸ್ಥರು. ಅಲ್ಲಿ ನೆಪೋಲಿಯನ್ ಜೊತೆ ವಿರಸ ಬಂತು. ಊರಿಗೆ ಮರಳುವಾಗ ಹಡಗು ಕೆಟ್ಟು ದಕ್ಷಿಣ ಇಟಲಿಯ ಟರಾಂಟೊದಲ್ಲಿ ಸೆರೆಸಿಕ್ಕರು. 1801ರಲ್ಲಿ ಬಿಡುಗಡೆಯಾದಾಗ ಆರೋಗ್ಯ ಹಾಳಾಗಿತ್ತು. ಅಷ್ಟರಲ್ಲಿ ಅಧಿಕಾರಕ್ಕೆ ಬಂದಿದ್ದ ನೆಪೋಲಿಯನ್‌ನ ಸರ್ಕಾರ ಅವರಿಗೆ ಹುದ್ದೆ ಕೊಡಲಿಲ್ಲ. 1802ರಲ್ಲಿ ನೆಪೋಲಿಯನ್ ವಸಾಹತುಗಳಲ್ಲಿ ಗುಲಾಮಗಿರಿಯನ್ನೇ ಮತ್ತೆ ಜಾರಿಗೆ ತಂದ. ಇಂಥ ಯೋಧನನ್ನು ಕಡೆಗಣಿಸಿದ್ದು ಶುದ್ಧ ಕೃತಘ್ನತೆ ಎಂದೇ ನನ್ನ ಅಭಿಪ್ರಾಯ.

1806ರಲ್ಲಿ ಅವರು ತೀರಿಕೊಂಡಾಗ ಮಗನಿಗೆ ನಾಲ್ಕು ವರ್ಷವೂ ತುಂಬಿರಲಿಲ್ಲ. ವಿಧವೆಗೆ ಪಿಂಚಣಿ ಸಿಗಲಿಲ್ಲ.