ಸ್ಯಾಕ್ಸೋಫೋನಿನ ಋಣ, ಮೃದಂಗದ ಋಣ

ಹಲಸೂರಿನ ಸೋಮೇಶ್ವರ ಗುಡಿಯ ಉತ್ಸವ ಹೊರಟರೆ ಮುಂದೆ ನಾಗಸ್ವರ. ಅದೇ ಬೀದೀಲಿ ಕೇರಿಯ ಹೆಣ ಹೊರಟರೆ ಮುಂದೆ ತಮಟೆ. ಎರಡನ್ನೂ ಕೇಳಿ ಬೆಳೆದ ನನಗೆ ವಾದ್ಯಗಳಿಗೂ ಜಾತಿ ಇದೆ ಅಂತ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹಾಗಾಗಿ ‘ಜ್ಯೋತಿ’ ಎಂಬ ಜಾಝ್ ಆಲ್ಬಂ ಕೇಳುವಾಗ ನನ್ನ ಕಿವಿ ಸ್ಯಾಕ್ಸೋಫೋನನ್ನು ದಾಟಿ ಚರ್ಮದ ಕಡೆ ಹೋಯಿತು.

1983ರಲ್ಲಿ ಜರ್ಮನಿಯ ಇಸಿಎಂ ಕಂಪನಿ ತಂದ ಆಲ್ಬಂ ಇದು. ಸ್ಯಾಕ್ಸೋಫೋನ್, ಕೊಳಲು ಎರಡನ್ನೂ ನುಡಿಸಿದವರು ಬಾಸ್ಟನ್ನಿನ ಇಟಾಲಿಯನ್ ವಲಸೆಗಾರರ ಮಗ ಚಾರ್ಲಿ ಮಾರಿಯಾನೋ (1923–2009). ಜೊತೆಗಿರುವುದು ಬೆಂಗಳೂರಿನಲ್ಲಿ 1964ರಲ್ಲಿ ಶುರುವಾದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ನಿನವರು: ಟಿ.ಎ.ಎಸ್. ಮಣಿಯವರ ಮೃದಂಗ, ಆರ್.ಎ. ರಮಾಮಣಿಯವರ ಹಾಡು, ಘಟ, ಖಂಜಿರ.

ಜಾಝ್ ಗೊತ್ತಿಲ್ಲದ ಗೆಳೆಯರಿಗೆ ಒಂದು ಮಾತು. 1940ರ ದಶಕದಲ್ಲಿ ಚಾರ್ಲಿ ಪಾರ್ಕರ್ ಮುಂತಾದ ಕಪ್ಪು ಕಲಾವಿದರು ಕಟ್ಟಿದ್ದು ಬಿಬಾಪ್. ಕುಣಿಸೋ ಸಂಗೀತ ಅಲ್ಲ. ಕೂತು ಕೇಳಿ, ನಮ್ಮ ಬುದ್ಧಿಗೂ ಬೆಲೆ ಕೊಡಿ ಅನ್ನುವ ಸಂಗೀತ. ಅದರ ಮುಂದಿನ ತಲೆಮಾರಿನದು ಪೋಸ್ಟ್-ಬಾಪ್. ಸ್ವರಮೇಳಗಳ ಓಟವನ್ನು ಸಡಿಲಿಸಿ ಒಂದೇ ಸ್ವರಶ್ರೇಣಿಯಲ್ಲಿ ಹೆಚ್ಚು ಹೊತ್ತು ನಿಲ್ಲಲು ಕಲಿತದ್ದು ಆಗಲೇ. ರಾಗಕ್ಕೆ ಬಾಗಿಲು ತೆರೆದದ್ದೂ ಅಲ್ಲೇ. ‘ಜ್ಯೋತಿ’ಯಲ್ಲಿ ಪಿಯಾನೋ ಇಲ್ಲ. ತಂಬೂರಿಯ ಶ್ರುತಿಯ ಮೇಲೆ ರಮಾಮಣಿಯವರ ದನಿ, ಸ್ಯಾಕ್ಸೋಫೋನ್ ಒಂದನ್ನೊಂದು ಹುಡುಕುತ್ತಾ ಹೋಗುತ್ತವೆ. ನನಗೆ ಇಷ್ಟವಾದ ಆಲ್ಬಂ, ಮುಚ್ಚಿಡುವುದೇನಿದೆ?

ಮಾರಿಯಾನೋ ಬಿಳಿಯ. ಆದರೆ ಅವರ ಬಗ್ಗೆ ಬರೆಯುವವರು ಪಾರ್ಕರ್ ಪ್ರಭಾವವನ್ನು ಹೇಳದೆ ಮುಂದೆ ಹೋಗುವುದಿಲ್ಲ. 1963ರಲ್ಲಿ ಚಾರ್ಲ್ಸ್ ಮಿಂಗಸ್ ತಂಡದಲ್ಲಿ ನುಡಿಸಿದ್ದನ್ನೂ ಬಿಡುವುದಿಲ್ಲ. ಕಪ್ಪು ಜನರ ಋಣಕ್ಕೆ ಅಲ್ಲಿ ಹೆಸರಿದೆ. ಹೆಸರಿದ್ದ ಮಾತ್ರಕ್ಕೆ ನ್ಯಾಯ ಸಿಕ್ಕಿತು ಅಂತಲ್ಲ, ದುಡ್ಡು ಯಾರ ಜೇಬಿಗೆ ಹೋಯಿತು ಅನ್ನೋದು ಬೇರೆ ಕತೆ.

ಮೃದಂಗದ ಋಣ? ಅದರ ಮುಚ್ಚಿಗೆಗೆ ಹಸು, ಎಮ್ಮೆ, ಆಡಿನ ಚರ್ಮ ಬೇಕು. ಖಂಜಿರಕ್ಕೆ ಹಿಂದಿನಿಂದ ಉಡದ ಚರ್ಮ. ನುಡಿಸುವ ವೇದಿಕೆಯಲ್ಲಿ ಬಹುಕಾಲ ಮೇಲ್ಜಾತಿಯವರದೇ ಯಜಮಾನಿಕೆ. ಸತ್ತ ದನದ ಚರ್ಮ ಸುಲಿದು, ಹದ ಮಾಡಿ, ಶ್ರುತಿಗೆ ತಂದವರು ಬಹುಪಾಲು ದಲಿತರು. ಚರ್ಮದ ಯಾವ ಪದರ ಯಾವ ನಾದ ಕೊಡುತ್ತೆ ಅಂತ ಬಲ್ಲ ಆ ಕೈಗಳದ್ದು ಬರೀ ಶ್ರಮ ಅಲ್ಲ, ವಿದ್ಯೆ. ಟಿ.ಎಂ. ಕೃಷ್ಣ ಈ ಕುಟುಂಬಗಳ ಬಗ್ಗೆ ‘ಸೆಬಾಸ್ಟಿಯನ್ ಅಂಡ್ ಸನ್ಸ್’ ಬರೆದಾಗ, 2020ರಲ್ಲಿ, ಚೆನ್ನೈನ ಕಲಾಕ್ಷೇತ್ರ ಪುಸ್ತಕ ಬಿಡುಗಡೆಗೆ ಕೊಟ್ಟಿದ್ದ ಜಾಗವನ್ನೇ ವಾಪಸ್ ತಗೊಂಡಿತು. ಹಸುವಿನ ಚರ್ಮದ ಮೇಲೆ ತಾಳ ಹಾಕಬಹುದು, ಅದರ ಬಗ್ಗೆ ಮಾತಾಡಬಾರದು!

‘ಬಿಳಿಯರು, ಬ್ರಾಹ್ಮಣರು ಸೇರಿ ಮಾಡಿದ್ದು, ನಮಗ್ಯಾಕೆ ಬಿಡು’ ಅನ್ನುವ ಗೆಳೆಯರಿದ್ದಾರೆ. ನಾನು ಒಪ್ಪಲ್ಲ. ಬಿಟ್ಟರೆ ಆ ನಾದದಲ್ಲಿರುವ ನಮ್ಮ ಪಾಲನ್ನೂ ಬಿಟ್ಟ ಹಾಗೆ. ಮಾರಿಯಾನೋ ದಕ್ಷಿಣ ಭಾರತಕ್ಕೆ ಬಂದು ನಾಗಸ್ವರ ಕಲಿತರು. ನಮ್ಮ ಸಭಾಂಗಣದವರಲ್ಲಿ ಶಿವಾಜಿನಗರಕ್ಕೋ ಹಲಸೂರಿಗೋ ಬಂದು ತಮಟೆ ಕಲಿಯಬೇಕು ಅನ್ನಿಸಿದವರು ಎಷ್ಟು ಜನ?

ಈ ಆಲ್ಬಂ ಅನ್ನು ಒಮ್ಮೆ ತರಗತಿಯಲ್ಲಿ ಹಾಕಿದ್ದೆ. ಕೆ.ಆರ್. ಪುರದ ಹುಡುಗನೊಬ್ಬ ಡೆಸ್ಕಿನ ಮೇಲೆ ಬೆರಳಲ್ಲೇ ಪೆಟ್ಟು ಹಿಡಿದ. ಎಲ್ಲಿ ಕಲಿತೆ ಅಂದೆ. ‘ಅಪ್ಪ ಸಾವಿಗೆ ಹೊಡೀತಾರೆ ಸಾರ್’ ಅಂದು ಕೈ ಕೆಳಗಿಟ್ಟ. ಹೊಡಿ ಅಂದೆ. ಪೀರಿಯಡ್ ಮುಗಿಯೋವರೆಗೂ ಹೊಡೆದ.